ಕುಂಡದ ಅರಳಿಗೆ ಗೊಬ್ಬರ ಎಷ್ಟು?

ಕಾರಹುಣ್ಣಿಮೆಯ ಗದ್ದಲ ಮುಗಿದು ಕರ್ಜಗಿಯ ಎತ್ತುಗಳೆಲ್ಲ ಮತ್ತೆ ಹೊಲಕ್ಕೆ ಇಳಿದಿದ್ದವು. ಒಂದು ಬೆಳಗ್ಗೆ ನಮ್ಮ ಓಣಿಯ ಹುಡುಗನೊಬ್ಬ, ಒಂಬತ್ತನೆಯ ಇಯತ್ತೆಯವನು, ಎರಡೂ ಕೈಯಲ್ಲಿ ಒಂದು ಮಣ್ಣಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ತಟ್ಟೆಯಲ್ಲಿ ಗೇಣುದ್ದದ ಅರಳಿ ಗಿಡ. ಹಳೆಯ ಮನೆಯೊಂದರ ಗೋಡೆಯ ಸಂದಿಯಿಂದ ಬೇರು ಸಮೇತ ಬಿಡಿಸಿ ತಂದು, ಎರಡು ವರ್ಷ ಜೋಪಾನ ಮಾಡಿ, ತಂತಿ ಸುತ್ತಿ ಬಾಗಿಸಿ, ನೋಡಿದವರು ‘ಅಬ್ಬಾ’ ಎನ್ನುವಂತೆ ಮಾಡಿದ್ದ ಗಿಡ ಅದು. ಈಗ ಅದರ ಎಲೆಗಳ ಅಂಚು ಬೆಂಕಿಗೆ ಹಿಡಿದ ಕಾಗದದಂತೆ ಕಂದಿ ಮುದುಡಿದ್ದವು.

‘ಏನ್ ಹಾಕಿದೆಪಾ ಇದಕ್ಕ?’ ಎಂದೆ.

‘ಏನಿಲ್ರೀ ಸರ. ನಮ್ಮಪ್ಪ ಗೋವಿನಜೋಳಕ್ಕ ಹಾಕಾಕಂತ ಯೂರಿಯಾ ತಂದಿದ್ದ. ಅದರಾಗಿಂದ ಒಂದ್ ಹಿಡಿ ಹಾಕಿದ್ನಿ. ಗಿಡಾ ಜಲ್ದಿ ದಪ್ಪ ಆಗ್ಲಿ ಅಂತ.’

ಒಂದು ಹಿಡಿ! ಅವನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ. ಏಕೆಂದರೆ ಎಷ್ಟೋ ವರ್ಷಗಳ ಹಿಂದೆ ನಾನು ಇದೇ ಹವ್ಯಾಸಕ್ಕೆ ಬಿದ್ದ ಹೊಸತರಲ್ಲಿ ಒಂದು ಆಲದ ಗಿಡವನ್ನು ಕೊಂದವನು. ಅವನು ಉಣಿಸಿ ಕೊಂದ, ನಾನು ಉಪವಾಸ ಕೆಡವಿ ಕೊಂದೆ, ಅಷ್ಟೇ ವ್ಯತ್ಯಾಸ. ‘ಬೋನ್ಸಾಯ್ ಎಂದರೆ ಗಿಡಕ್ಕೆ ಹೊಟ್ಟೆಗೆ ಹಾಕದೆ ಗಿಡ್ಡ ಮಾಡುವುದು’ ಎಂದು ಯಾರೋ ಹೇಳಿದ್ದನ್ನು ನಂಬಿ, ಮೂರು ವರ್ಷ ಬರೀ ನೀರು ಹಾಕಿದ್ದೆ. ಎಲೆಗಳು ವರ್ಷದಿಂದ ವರ್ಷಕ್ಕೆ ತೆಳುವಾದವು, ಬಣ್ಣ ಕಳೆದುಕೊಂಡವು. ಅದನ್ನೇ ನಾನು ‘ಎಲೆ ಸಣ್ಣದಾಗುತ್ತಿದೆ, ಬೋನ್ಸಾಯ್ ಆಗುತ್ತಿದೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ನಾಲ್ಕನೆಯ ಬೇಸಿಗೆಯಲ್ಲಿ ಅದು ಕೊಂಬೆ ಕೊಂಬೆಯಾಗಿ ಒಣಗಿತು.

ಗಿಡ್ಡ ಮಾಡುವುದು ಕತ್ತರಿ, ಹಸಿವಲ್ಲ

ಈ ಹಸಿವಿನ ಕಥೆ ನಮ್ಮಲ್ಲಿ ಬಹಳ ಮಂದಿಯ ತಲೆಯಲ್ಲಿ ಕೂತಿದೆ. ‘ಪಾಪ, ಗಿಡವನ್ನು ಹಿಂಸೆ ಮಾಡುತ್ತಾರೆ’ ಎಂದು ಮರುಗುವವರೂ ಇದ್ದಾರೆ. ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಕುಂಡ, ‘ಸಾಯ್’ ಎಂದರೆ ನೆಡುವುದು. ಹೆಸರಿನಲ್ಲಿ ಉಪವಾಸದ ಮಾತೇ ಇಲ್ಲ. ಮರ ಗಿಡ್ಡವಾಗಿ ಉಳಿಯುವುದು ಚಿಗುರನ್ನು ಆಗಾಗ ಚಿವುಟುವುದರಿಂದ, ಎರಡು ವರ್ಷಕ್ಕೊಮ್ಮೆ ಕುಂಡದಿಂದ ತೆಗೆದು ಬೇರನ್ನು ಹದವಾಗಿ ಕತ್ತರಿಸುವುದರಿಂದ ಮತ್ತು ಕುಂಡದ ಅಳತೆಯಿಂದ. ಹೀಗೆ ಕತ್ತರಿಸಿಕೊಂಡ ಮರ ಮತ್ತೆ ಬೇರು ಬಿಡಬೇಕು, ಮತ್ತೆ ಚಿಗುರಬೇಕು. ಅದಕ್ಕೆ ಶಕ್ತಿ ಬೇಡವೇ?

ಹೊಲದ ಬದುವಿನಲ್ಲಿರುವ ಅರಳಿ ಮರಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ನಿಜ. ಅದು ತನಗೆ ಬೇಕಾದದ್ದನ್ನು ಹುಡುಕುತ್ತ ಹತ್ತಾರು ಮಾರು ದೂರ ಬೇರು ಹರಿಸುತ್ತದೆ. ಅದರ ಎಲೆ ಅದರ ಬುಡಕ್ಕೇ ಬಿದ್ದು ಕೊಳೆಯುತ್ತದೆ, ಅದರ ನೆರಳಿನಲ್ಲಿ ದನ ಮಲಗುತ್ತದೆ, ಅದರ ಹಣ್ಣಿಗೆ ಹಕ್ಕಿ ಬರುತ್ತದೆ. ಕುಂಡದ ಅರಳಿಗೆ ಇರುವುದು ಎರಡು ಸೇರು ಮಣ್ಣು. ಉದುರಿದ ಎಲೆಯನ್ನು ನಾವೇ ಗುಡಿಸಿ ಚೆಲ್ಲುತ್ತೇವೆ. ಮೇಲಾಗಿ ದಿನಾ ನೀರು ಹಾಕುತ್ತೇವೆ. ಹಾಕಿದ ನೀರು ಕೆಳಗಿನ ತೂತಿನಿಂದ ಹೋಗುವಾಗ ಮಣ್ಣಿನ ಸತ್ವವನ್ನೂ ತೊಳೆದುಕೊಂಡು ಹೋಗುತ್ತದೆ. ಜಮೆ ಇಲ್ಲದೆ ಬರೀ ಖರ್ಚು ಇರುವ ಪಾಸ್‌ಬುಕ್ಕಿನಂತೆ ಅದರ ಲೆಕ್ಕ.

ಹಿರೋಶಿಮಾದ ಯಮಾಕಿ ಎಂಬ ಮನೆತನದವರು ಸಾಕಿದ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. ಅದನ್ನು ಕುಂಡದಲ್ಲಿ ಪಳಗಿಸಲು ತೊಡಗಿದ್ದು 1625ರಲ್ಲಿ ಎಂದು ಲೆಕ್ಕ. 1945ರ ಆಗಸ್ಟ್ 6ರಂದು ಆ ಊರಿನ ಮೇಲೆ ಅಣುಬಾಂಬು ಬಿದ್ದಾಗ ಅದು ಮನೆಯ ಗೋಡೆಯ ಮರೆಯಲ್ಲಿದ್ದು ಬದುಕಿ ಉಳಿಯಿತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಇಂದಿಗೂ ಅದು ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹಾಲಯದಲ್ಲಿದೆ. ಉಪವಾಸ ಕೆಡವಿದ್ದರೆ ಒಂದು ಮರ ತಟ್ಟೆಯಲ್ಲಿ ನಾನೂರು ವರ್ಷ ಬಾಳುತ್ತಿತ್ತೇ?

ಹೆಲ್ಮಾಂಟನ ಐದು ತೊಲೆ

ಹಾಗಾದರೆ ಎಷ್ಟು ಹಾಕಬೇಕು? ಇದಕ್ಕೆ ಉತ್ತರ ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಬ್ರಸೆಲ್ಸಿನ ವಾನ್ ಹೆಲ್ಮಾಂಟ್ ಎಂಬ ವೈದ್ಯ ಒಂದು ದೊಡ್ಡ ಕುಂಡದಲ್ಲಿ 200 ಪೌಂಡು ಒಣಗಿದ ಮಣ್ಣು ತುಂಬಿ, 5 ಪೌಂಡು ತೂಕದ ವಿಲೋ ಸಸಿ ನೆಟ್ಟ. ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಕಿತ್ತು ತೂಗಿದರೆ ಮರ 169 ಪೌಂಡು ಆಗಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಸುಮಾರು 2 ಔನ್ಸ್, ಅಂದರೆ ನಮ್ಮ ಲೆಕ್ಕದಲ್ಲಿ ಐದು ತೊಲೆ! ಅವನು ತೀರಿಕೊಂಡ ಮೇಲೆ 1648ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಯೋಗ ಬಂದಿದೆ.

ಮರವೆಲ್ಲ ನೀರಿನಿಂದಲೇ ಆಯಿತು ಎಂದು ಹೆಲ್ಮಾಂಟ್ ತೀರ್ಮಾನಿಸಿದ. ಎಲೆ ಗಾಳಿಯಿಂದ ಇಂಗಾಲವನ್ನು ಹಿಡಿದು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಒಣಗಿದ ಮರದ ತೂಕದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಗಾಳಿ ಮತ್ತು ನೀರಿನಿಂದ ಬಂದದ್ದೇ. ಆದರೆ ಹೆಲ್ಮಾಂಟ್ ಲೆಕ್ಕಕ್ಕೇ ಹಿಡಿಯದೆ ಬಿಟ್ಟ ಆ ಐದು ತೊಲೆ ಇದೆಯಲ್ಲ, ಗೊಬ್ಬರದ ವಿಷಯವೆಲ್ಲ ಅದರಲ್ಲಿದೆ. ಸಾರಜನಕ, ರಂಜಕ, ಪೊಟ್ಯಾಶ್, ಸುಣ್ಣ, ಮೆಗ್ನೀಸಿಯಂ, ಕಬ್ಬಿಣ, ಇಂಥವುಗಳೆಲ್ಲ ಸೇರಿ ಐದು ತೊಲೆ.

ಆದ್ದರಿಂದ ಗೊಬ್ಬರವನ್ನು ಗಿಡದ ಊಟ ಎನ್ನುವುದೇ ತಪ್ಪು. ರೊಟ್ಟಿ ಪಲ್ಯವನ್ನು ಗಿಡ ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಗೊಬ್ಬರ ಅಡುಗೆಯ ಉಪ್ಪಿದ್ದಂತೆ. ಉಪ್ಪಿಲ್ಲದ ಊಟ ಎಷ್ಟು ದಿನ ನಡೆದೀತು? ಹಾಗೆಂದು ಒಂದು ಹಿಡಿ ಉಪ್ಪು ಬಾಯಿಗೆ ಹಾಕಿಕೊಂಡರೆ? ಇದು ಬರೀ ಹೋಲಿಕೆಯೂ ಅಲ್ಲ. ಅಂಗಡಿಯ ರಾಸಾಯನಿಕ ಗೊಬ್ಬರಗಳಲ್ಲಿ ಹೆಚ್ಚಿನವು ನಿಜವಾಗಿಯೂ ಲವಣಗಳೇ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಮರುದಿನ ಜಾಡಿಯ ತುಂಬ ನೀರು ಬಿಟ್ಟಿರುತ್ತದೆ, ಅವ್ವ ಉಪ್ಪಿನಕಾಯಿ ಹಾಕುವಾಗ ನೋಡಿದ್ದೀರಿ. ಹೋಳಿನೊಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಕೊಳ್ಳುತ್ತದೆ. ಕುಂಡದಲ್ಲಿ ಗೊಬ್ಬರ ಹೆಚ್ಚಾದಾಗ ಬೇರಿಗೆ ಆಗುವುದೂ ಇದೇ. ಮಣ್ಣು ಒದ್ದೆಯಾಗಿದ್ದರೂ ಗಿಡ ನೀರಡಿಕೆಯಿಂದ ಒಣಗುತ್ತದೆ. ಯೂರಿಯಾ ಆದರೆ ಇನ್ನೊಂದು ಕೇಡು. ಅದು ಮಣ್ಣಿನಲ್ಲಿ ಅಮೋನಿಯಾ ಆಗುತ್ತದೆ, ಹೆಚ್ಚಾದರೆ ಎಳೆ ಬೇರಿಗೆ ಅದೇ ವಿಷ.

ಹುಡುಗನನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಕಲಸಿ, ಅಂಥ ಕುಂಡಕ್ಕೆ ಕಾಲು ಲೀಟರ್ ಹಾಕುವುದು ನನ್ನ ರೂಢಿ. ಆ ಅಂಕಿಗಳ ಅರ್ಥ ನೂರು ಗ್ರಾಂ ಪುಡಿಯಲ್ಲಿ 19 ಗ್ರಾಂ ಸಾರಜನಕ ಎಂದು. ಕಾಲು ಲೀಟರಿನಲ್ಲಿ ಹೋದ ಸಾರಜನಕ ಎಷ್ಟು? 47.5 ಮಿಲಿಗ್ರಾಂ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಅವನ ಹಿಡಿಯಲ್ಲಿ 50 ಗ್ರಾಂ ಬಂದಿತ್ತೆಂದು ಹಿಡಿಯೋಣ, 23 ಗ್ರಾಂ ಆಯಿತು. ಭಾಗಿಸಿ ನೋಡಿದ. ಸುಮಾರು 480 ಪಟ್ಟು. ಹುಡುಗ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತ.

ಗಿಡಕ್ಕೆ ಕೂಡಲೇ ಮಾಡಬೇಕಾದದ್ದು ಒಂದೇ ಇತ್ತು. ಮಣ್ಣಿನ ಮೇಲೆ ಉಳಿದ ಕಾಳುಗಳನ್ನು ಆರಿಸಿ ತೆಗೆದು, ತಟ್ಟೆಯನ್ನು ಓರೆಯಾಗಿ ಇಟ್ಟು, ಕೊಡಗಟ್ಟಲೆ ನೀರು ಹರಿಸಿ ತೊಳೆಯುವುದು. ಅರ್ಧ ತಾಸು ಬಿಟ್ಟು ಮತ್ತೆ ತೊಳೆಯುವುದು. ಆಮೇಲೆ ನೆರಳಿನಲ್ಲಿ ಇಡುವುದು, ತಿಂಗಳೊಪ್ಪತ್ತು ಗೊಬ್ಬರದ ಹೆಸರೆತ್ತದಿರುವುದು. ಎಲ್ಲವನ್ನೂ ಮಾಡಿದೆವು. ಆದರೆ ಅವನು ಬಂದದ್ದು ಗೊಬ್ಬರ ಹಾಕಿದ ಆರನೆಯ ದಿನಕ್ಕೆ. ಗಿಡ ಉಳಿಯಲಿಲ್ಲ. ಮೊದಲ ದಿನವೇ ತೊಳೆದಿದ್ದರೆ ಉಳಿಯುತ್ತಿತ್ತೋ ಏನೋ.

ಅಪ್ಪನ ಮೇಲೂ ತಪ್ಪು ಹೊರಿಸುವಂತಿಲ್ಲ. ಹೊಲದಲ್ಲಿ ಮಳೆ ನೋಡಿ ಮೇಲುಗೊಬ್ಬರ ಚೆಲ್ಲಿದರೆ ಅದು ಆಳದ ಮಣ್ಣಿಗೆ ಹಂಚಿಹೋಗುತ್ತದೆ, ಸಾವಿರಾರು ಬೇರುಗಳು ಅದನ್ನು ಹಂಚಿಕೊಳ್ಳುತ್ತವೆ. ಅಲ್ಲಿ ಹಿಡಿಯ ಲೆಕ್ಕ ಸರಿ. ಹಾವೇರಿ ಸೀಮೆಯಲ್ಲಿ ಗೊಬ್ಬರ ಎಂಬುದು ಹಗುರ ಮಾತೂ ಅಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ಹಾವೇರಿಯಲ್ಲಿ ಸೇರಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಇಂಥ ಊರಿನಲ್ಲಿ ಯೂರಿಯಾ ಚೀಲ ಅಟ್ಟದ ಮೇಲಿದ್ದರೆ ಅದೊಂದು ಸಂಪತ್ತು. ಪ್ರೀತಿಯ ಗಿಡಕ್ಕೆ ಸಂಪತ್ತಿನಲ್ಲಿ ಒಂದು ಹಿಡಿ ಕೊಡಬೇಕೆಂದು ಹುಡುಗನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು?

ಮಣ್ಣು, ಹಿಂಡಿ, ಚಹಾದ ಚರಟ

ಗೊಬ್ಬರಕ್ಕೂ ಮೊದಲು ಮಣ್ಣು ನೋಡಿ. ನಮ್ಮ ಕಡೆಯ ಎರೆಮಣ್ಣು ಹತ್ತಿಗೆ, ಮೆಣಸಿನಕಾಯಿಗೆ ಚಿನ್ನ. ಕುಂಡಕ್ಕೆ ಮಾತ್ರ ಬೇಡ. ಒದ್ದೆಯಾದರೆ ಅಂಟಾಗಿ ಬೇರಿಗೆ ಗಾಳಿ ಆಡಗೊಡದು, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಜರಡಿ ಹಿಡಿದ ಕೆಂಪು ಮಣ್ಣು, ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು, ಹೊಳೆಯ ದಪ್ಪ ಉಸುಕು, ಇವುಗಳ ಜೊತೆಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಸೇರಿಸಿದರೆ ಸಾಕು. ಹಸಿ ಸಗಣಿ ಹಾಕಲೇಬಾರದು, ಅದು ಕುಂಡದಲ್ಲಿ ಕಳಿಯುವಾಗ ಕಾವು ಬಿಡುತ್ತದೆ, ಹುಳ ಬೀಳುತ್ತವೆ.

ಎರೆಹುಳು ಗೊಬ್ಬರಕ್ಕೆ ಇನ್ನೊಂದು ಗುಣವಿದೆ. ಅದರ ಜೊತೆ ಸೂಕ್ಷ್ಮಜೀವಿಗಳು ಬರುತ್ತವೆ. ಹಿಂಡಿಯಂಥ ಸಾವಯವ ಗೊಬ್ಬರ ಹಾಕುವವರಿಗೆ ಇವು ಬೇಕೇ ಬೇಕು. ಹಿಂಡಿಯಲ್ಲಿರುವ ಸಾರಜನಕ ಪ್ರೋಟೀನಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಬೇರು ಅದನ್ನು ನೇರವಾಗಿ ಹೀರಲಾರದು. ಸೂಕ್ಷ್ಮಜೀವಿಗಳು ಅದನ್ನು ಮುರಿದು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡಿಕೊಡುತ್ತವೆ. ಈ ಕೆಲಸಕ್ಕೆ ಕಾವೂ ತೇವವೂ ಬೇಕು. ಗಿಡ ಚಿಗುರುವ ಕಾಲಕ್ಕೂ ಅವೇ ಬೇಕು. ಹೀಗಾಗಿ ಗಿಡಕ್ಕೆ ಹಸಿವಾದಾಗಲೇ ಹಿಂಡಿ ಹೆಚ್ಚು ಕರಗುತ್ತದೆ, ಚಳಿಯಲ್ಲಿ ಗಿಡ ಮಲಗಿದಾಗ ಹಿಂಡಿಯೂ ಸುಮ್ಮನಿರುತ್ತದೆ. ಇದಕ್ಕಾಗಿಯೇ ಜಪಾನಿನವರು ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿಯನ್ನು ಎಲುಬಿನ ಪುಡಿಯೊಡನೆ ಉಂಡೆ ಕಟ್ಟಿ ಕುಂಡದ ಅಂಚಿಗೆ ಇಡುತ್ತ ಬಂದಿದ್ದಾರೆ. ನಮಗೆ ಗಾಣದ ಶೇಂಗಾ ಹಿಂಡಿ, ಬೇವಿನ ಹಿಂಡಿ ಇವೆ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ 7ರಷ್ಟು ಸಾರಜನಕ, ಬೇವಿನದರಲ್ಲಿ 5ರಷ್ಟು. ಬೇವಿನ ಹಿಂಡಿಯ ಕಹಿಗೆ ಮಣ್ಣಿನ ಹುಳುಗಳೂ ಕಡಿಮೆ. ಎರಡನ್ನೂ ಸಮ ಬೆರೆಸಿ, ಶೇಂಗಾಬೀಜದಷ್ಟು ಚೂರುಗಳನ್ನು ಮೂರೋ ನಾಲ್ಕೋ ಮಾತ್ರ ಕುಂಡದ ಅಂಚಿಗೆ ಹೂಳಿ. ಕಾಂಡಕ್ಕೆ ತಾಗಬಾರದು. ತಿಂಗಳಿಗೆ ಒಮ್ಮೆ ಸಾಕು. ಮೇಲೆ ಚಹಾ ಸೋಸುವ ಹಳೆಯ ಜರಡಿ ಬೋರಲು ಹಾಕಿದರೆ ಇಲಿ, ಅಳಿಲು, ಕಾಗೆಗಳ ಕಾಟ ತಪ್ಪುತ್ತದೆ.

ತಂದೆತಾಯಂದಿರಿಗೆ ಇಲ್ಲಿ ಒಂದು ಎಚ್ಚರಿಕೆ. ಗೊಬ್ಬರಕ್ಕೆಂದು ಔಡಲ ಹಿಂಡಿಯೂ ಸಿಗುತ್ತದೆ. ಔಡಲ ಬೀಜದಲ್ಲಿ ರಿಸಿನ್ ಎಂಬ ಕಡು ವಿಷವಿದೆ, ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲಿ ಉಳಿದಿರಬಹುದು. ಚಿಕ್ಕ ಮಕ್ಕಳು, ಆಡು, ನಾಯಿ ಓಡಾಡುವ ಮನೆಯಲ್ಲಿ ಕೈಗೆ ಎಟಕುವ ಕುಂಡಕ್ಕೆ ಅದನ್ನು ಹಾಕಲೇಬೇಡಿ. ದನದ ಹಿಂಡಿಯ ಪಕ್ಕ ಅದರ ಚೀಲ ಇಡುವುದೂ ಬೇಡ.

ಚಹಾದ ಚರಟ, ತತ್ತಿಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಹಾಕುವ ಮನೆಗಳೂ ಬಹಳ. ಹಾಲು ಸಕ್ಕರೆ ಬೆರೆತ ಚರಟಕ್ಕೆ ಇರುವೆ, ಬೂಷ್ಟು, ನುಸಿ ಮೂರೂ ಬರುತ್ತವೆ. ತತ್ತಿಯ ಸಿಪ್ಪೆ ಕರಗುವುದು ವರ್ಷಗಟ್ಟಲೆ ನಿಧಾನ. ಇವನ್ನೆಲ್ಲ ತಿಪ್ಪೆಗೆ ಹಾಕಿ ಕಳಿಸಿ, ಕಳಿತ ಮೇಲೆ ಕುಂಡಕ್ಕೆ ತನ್ನಿ. ಕುಂಡವೇ ತಿಪ್ಪೆಯಲ್ಲ.

ಹಿಂಡಿಯ ವಾಸನೆ ಬೇಡ ಎನ್ನುವವರಿಗೆ ಆ 19:19:19 ಪುಡಿ ಇದೆ. ಚಿಗುರುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಸಾವಯವವೋ ರಾಸಾಯನಿಕವೋ ಎಂಬ ಜಗಳದಲ್ಲಿ ಬೇರಿಗೆ ಆಸಕ್ತಿಯಿಲ್ಲ, ಕೊನೆಗೆ ಅದು ಹೀರುವುದು ಅದೇ ನೈಟ್ರೇಟನ್ನು. ನನ್ನ ಒಲವು ಹಿಂಡಿಯ ಕಡೆಗೆ, ಏಕೆಂದರೆ ಮರೆಗುಳಿಗಳನ್ನು ಅದು ಕ್ಷಮಿಸುತ್ತದೆ. ಬರೀ ಯೂರಿಯಾ ಮಾತ್ರ ಚಮಚದ ಲೆಕ್ಕದಲ್ಲೂ ಬೇಡ. ಸಾರಜನಕವೊಂದೇ ಹೆಚ್ಚಾದರೆ ಗೆಣ್ಣಿನಿಂದ ಗೆಣ್ಣಿಗೆ ದೂರವಾಗಿ ಚಿಗುರು ಉದ್ದ ಏಳುತ್ತದೆ, ಎಲೆ ಅಂಗೈಯಷ್ಟಾಗುತ್ತದೆ. ಎರಡು ವರ್ಷ ಬಾಗಿಸಿ ತಂದ ಮರದ ಆಕಾರ ಒಂದು ತಿಂಗಳಲ್ಲಿ ಹಾಳು. ದಾಳಿಂಬೆ, ಕಾಗದದ ಹೂವಿನ ಗಿಡಗಳಂತೂ ಸಾರಜನಕ ಹೆಚ್ಚಾದರೆ ಎಲೆಯ ಸಂಭ್ರಮದಲ್ಲಿ ಹೂವನ್ನೇ ಮರೆಯುತ್ತವೆ.

ಯಾವಾಗ ಹಾಕಬಾರದು

ಗೊಬ್ಬರ ಹಾಕುವುದಕ್ಕಿಂತ ಹಾಕದಿರುವುದನ್ನು ಕಲಿಯಲು ಹೆಚ್ಚು ದಿನ ಬೇಕು. ಮಣ್ಣು ಒಣಗಿದ್ದಾಗ ಬೇಡ, ಮೊದಲು ನೀರು, ಆಮೇಲೆ ಗೊಬ್ಬರದ ನೀರು. ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿದ ಮೇಲೆ ಐದಾರು ವಾರ ಬೇಡ, ಗಾಯಕ್ಕೆ ಉಪ್ಪು ಸವರಿದಂತೆ ಆಗುತ್ತದೆ. ಗಿಡಕ್ಕೆ ರೋಗ ಬಂದಾಗಲಂತೂ ಬೇಡವೇ ಬೇಡ. ‘ಸೊರಗಿದೆ, ಸ್ವಲ್ಪ ಟಾನಿಕ್ ಹಾಕೋಣ’ ಎಂಬ ಅಂತಃಕರಣದಿಂದ ಸತ್ತ ಗಿಡಗಳ ಲೆಕ್ಕ ಇಟ್ಟವರಿಲ್ಲ.

ನಮ್ಮ ಸೀಮೆಯ ಹಬ್ಬಗಳನ್ನೇ ಗುರುತಿಟ್ಟುಕೊಳ್ಳಿ. ಅರಳಿ ಎಲೆ ಉದುರಿಸಿ ಚಿಗುರಲು ಸಜ್ಜಾಗುವ ಶಿವರಾತ್ರಿಯ ಆಸುಪಾಸು ಬೇರು ಕತ್ತರಿಸುವ ಕಾಲ. ಯುಗಾದಿಗೆ ಹೊಸ ಎಲೆ ಬಲಿತ ಮೇಲೆ ಮೊದಲ ಗೊಬ್ಬರ, ತೆಳುವಾಗಿ. ವೈಶಾಖದ ಉರಿಯಲ್ಲಿ ಕಡಿಮೆ ಮಾಡಿ. ಕಾರಹುಣ್ಣಿಮೆಯಿಂದ ಮಹಾನವಮಿಯವರೆಗೆ ಗಿಡಕ್ಕೆ ಸುಗ್ಗಿ. ಜಡಿಮಳೆ ಹಿಡಿದ ವಾರ ಮಾತ್ರ ಹಾಕಿದ್ದೆಲ್ಲ ತೊಳೆದುಹೋಗುತ್ತದೆ, ಬಿಡುವು ಕೊಟ್ಟಾಗ ಹಾಕಿ. ದೀಪಾವಳಿ ಕಳೆದ ಮೇಲೆ ಕಡಿಮೆ ಮಾಡುತ್ತ ಬಂದು ಸಂಕ್ರಾಂತಿಯ ಹೊತ್ತಿಗೆ ನಿಲ್ಲಿಸಿ.

ಎಲೆಯನ್ನು ಓದಲು ಕಲಿತರೆ ಗಿಡವೇ ಹೇಳುತ್ತದೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಸಾರಜನಕ ಗಿಡದೊಳಗೆ ಓಡಾಡಬಲ್ಲದು, ಮನೆಯಲ್ಲಿ ಕಾಳು ಕಡಿಮೆಯಾದಾಗ ಹಿರಿಯರು ತಮ್ಮ ಪಾಲನ್ನು ಮಕ್ಕಳಿಗೆ ಬಿಡುವಂತೆ ಹಳೆಯ ಎಲೆ ತನ್ನದನ್ನು ಚಿಗುರಿಗೆ ಬಿಟ್ಟುಕೊಡುತ್ತದೆ. ತದ್ವಿರುದ್ಧವಾಗಿ ಹೊಸ ಎಲೆಯೇ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಕಬ್ಬಿಣ ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಅಲುಗುವುದಿಲ್ಲ. ಅಂದ ಮಾತ್ರಕ್ಕೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಬೋರಿನ ಗಡಸು ನೀರು ದಿನಾ ಬಿದ್ದು ಮಣ್ಣು ಸುಣ್ಣದಂತಾದರೆ ಇದ್ದ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಈ ಗುಮಾನಿ ಗಟ್ಟಿ. ಆಗ ಗೊಬ್ಬರ ಹೆಚ್ಚಿಸುವುದು ಮದ್ದಲ್ಲ, ಮಾಳಿಗೆಯ ಮಳೆನೀರು ಹಿಡಿದಿಟ್ಟು ಹಾಕುವುದು ಮದ್ದು.

ಬೆಂಗಳೂರಿಗೆ ಹೋದವರು ಲಾಲ್‌ಬಾಗಿನ ಬೋನ್ಸಾಯ್ ತೋಟವನ್ನು, ಶೈಕ್ಷಣಿಕ ಪ್ರವಾಸಕ್ಕೆ ಮೈಸೂರಿಗೆ ಹೋದ ಮಕ್ಕಳು ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನೋಡಬಹುದು. ಮರದ ಚಂದ ಎಲ್ಲರೂ ನೋಡುತ್ತಾರೆ. ನೀವು ಎಲೆಯ ಬಣ್ಣ ನೋಡಿ, ಕುಂಡದ ಅಂಚು ನೋಡಿ. ನಮ್ಮ ಜಿಲ್ಲೆಯಲ್ಲೇ ದೇವಿಹೊಸೂರಿನಲ್ಲಿ ತೋಟಗಾರಿಕೆಯ, ಹನುಮನಮಟ್ಟಿಯಲ್ಲಿ ಕೃಷಿಯ ಪರಿಣತರು ಇದ್ದಾರೆ. ಕಂದಿದ ಎಲೆಯೊಂದನ್ನು ಕೈಯಲ್ಲಿ ಹಿಡಿದು ಹೋದರೆ ಮಾತು ಬೇಗ ಬಗೆಹರಿಯುತ್ತದೆ.

ನಮ್ಮ ಓಣಿಯ ಹುಡುಗ ಅದೇ ಗೋಡೆಯಲ್ಲಿ ಇನ್ನೊಂದು ಅರಳಿ ಹುಡುಕಿದ. ಈ ಸಲ 1 ಗ್ರಾಂ ಎಂದರೆ ಎಷ್ಟು ಎಂಬುದು ಸಮಸ್ಯೆಯಾಯಿತು. ಕಿರಾಣಿ ಅಂಗಡಿಯ ತಕ್ಕಡಿಗೆ ಅದು ತೂಕವೇ ಅಲ್ಲ. ಸೀದಾ ಪತ್ತಾರರ ಅಂಗಡಿಗೆ ಹೋಗಿ ಚಿನ್ನ ತೂಗುವ ತಕ್ಕಡಿಯಲ್ಲಿ ಗೊಬ್ಬರ ತೂಗಿಸಿಕೊಂಡು ಬಂದ. ಪತ್ತಾರರು ನಕ್ಕು, ಮನೆಯ ಚಹಾ ಚಮಚದಲ್ಲಿ ಮಟ್ಟ ಮಾಡಿದರೆ 5 ಗ್ರಾಂ ಹಿಡಿಯುತ್ತದೆ ಎಂದೂ ತೂಗಿ ತೋರಿಸಿದರಂತೆ. ಅಂದಿನಿಂದ ಐದು ಲೀಟರಿನ ಬಕೆಟ್ಟಿಗೆ ಒಂದು ಚಮಚ, ಕಾಲು ಲೀಟರ್ ಅರಳಿಗೆ, ಉಳಿದದ್ದು ಅವ್ವನ ಮಲ್ಲಿಗೆಗೆ, ಕರಿಬೇವಿಗೆ.

ಮುಂದೆ ಇನ್ನೊಂದು ತೊಡಕು ಬಂತು. ಮಗ ಶಾಲೆಗೆ ಹೋದಾಗ ಅವ್ವ ಹಾಕುವಳು, ಅದು ಗೊತ್ತಿಲ್ಲದೆ ಸಂಜೆ ಇವನೂ ಹಾಕುವನು. ಅದಕ್ಕೆ ಕುಂಡದ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಹಳೆಯ ನೋಟ್‌ಬುಕ್ ತೂಗುಹಾಕಿದ್ದಾರೆ. ಹಾಕಿದವರು ತಾರೀಖು ಬರೆಯಬೇಕು. ಮೊನ್ನೆ ಹೋದಾಗ ತೆರೆದು ನೋಡಿದೆ. ಅರ್ಧ ಪುಟ ಹುಡುಗನ ಕೈಬರಹ, ಅರ್ಧ ಅವನ ಅವ್ವನದು. ಕೊನೆಯ ಸಾಲು ಅವ್ವನದು: ‘ಮೂರು ದಿನದಿಂದ ಮಳೆ. ಹಾಕಿಲ್ಲ.’